ತೆಮೆಲಿಸ್ ಹೊತ್ತ ಗೋಧಿ

ಬೆಳಿಗ್ಗೆ ಎದ್ದು ಶಿಲುಬೆಯ ಗುರುತು ಹಾಕಿಕೊಂಡ ಮೇಲೆ ತೆಮೆಲಿಸ್ ಮಾಡುವ ಮೊದಲ ಕೆಲಸವೆಂದರೆ ದಿಂಬಿಗೆ ಚುಚ್ಚಿಟ್ಟ ಗುಂಡುಸೂಜಿಯನ್ನು ಕಿತ್ತು ಬಲ ಅಂಗಾಲಿಗೆ ಚುಚ್ಚಿ ನೋಡುವುದು. ಹಿಮ್ಮಡಿಗೊಮ್ಮೆ, ನಡುವಿಗೊಮ್ಮೆ, ಹೆಬ್ಬೆರಳ ಬುಡಕ್ಕೊಮ್ಮೆ. ಏನೂ ಗೊತ್ತಾಗುವುದಿಲ್ಲ. ಸೂಜಿ ಒರೆಸಿ ಮತ್ತೆ ದಿಂಬಿಗೆ ಚುಚ್ಚಿ ಬೂಟು ಹಾಕಿಕೊಳ್ಳುತ್ತಾನೆ. ಮೂವತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಸೆವಸ್ತಿ ಇದನ್ನು ನೋಡಿ ಅಳುತ್ತಿದ್ದಳು. ಈಗ ಕಾಫಿ ಕಾಯಿಸುತ್ತ ಅಡುಗೆಮನೆಯಿಂದಲೇ ಆ ಕಾಲನ್ನು ವಿಚಾರಿಸುತ್ತಾಳೆ:

"ಏನಂತೆ ದೊರೆ ಇವತ್ತು?"

"ಇನ್ನೂ ಮಲಗವ್ನೆ."

ಕಾಲಿಮ್ನೊಸ್ ದ್ವೀಪದಲ್ಲಿ ಇಂಥ ಕಾಲುಗಳು ಹೊಸವಲ್ಲ. ಕಡಲ ತಳದ ಸ್ಪಂಜು ಕೀಳಲು ಆಳಕ್ಕಿಳಿದು, ಬೇಗ ಮೇಲೆ ಬಂದು ಕೈಕಾಲು ಮರಗಟ್ಟಿದವನನ್ನು 'ಯಂತ್ರ ಹಿಡಿಯಿತು' ಎನ್ನುತ್ತಾರೆ. ಯಂತ್ರವೆಂದರೆ ದೋಣಿಯ ಮೇಲಿಂದ ಕೊಳವೆಗೆ ಗಾಳಿ ತಳ್ಳುವ ಯಂತ್ರ. ತೆಮೆಲಿಸನನ್ನು ಅದು ಹಿಡಿದದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ, ದಕ್ಷಿಣದ ಮರಳು ದಂಡೆಯ ಕಡೆ, ಆ ದಿನದ ಎರಡನೆಯ ಮುಳುಗಿನಲ್ಲಿ. ಮೂರನೆಯ ಸರದಿಯೂ ಅವನದೇ. ಅವನು ಹಲಗೆಯ ಮೇಲೆ ಬಿದ್ದು ಒದ್ದಾಡುತ್ತಿದ್ದಾಗ ಕಪ್ತಾನ, "ಕೆಳಗೆ ಸ್ಪಂಜು ಚಾಪೆ ಹಾಸ್ದಂಗೆ ಹಾಸ್ಕೊಂಡಿದೆ, ಬಿಟ್ಟು ಹೋಗೋದಾ?" ಎಂದ. ತಮ್ಮ ಯಾಕೂಮಿಸ್ ಅಣ್ಣನ ಬದಲಿಗೆ ಕೊಳವೆ ಕಚ್ಚಿಕೊಂಡು ಇಳಿದ. ಮೇಲೆ ಬಂದದ್ದು ಹೆಣ. ಅದನ್ನು ಅಲ್ಲೇ ಮರಳಿನಲ್ಲಿ ಹೂತರು. ಹೂತು ಬಂದವರು ಉಳಿದ ಹೊತ್ತಿನಲ್ಲಿ ಅಂದಿನ ಸ್ಪಂಜುಗಳನ್ನು ತುಳಿದು ತೊಳೆದರು.

ಊರಿನಲ್ಲಿ ಗೋರಿಯೇ ಇಲ್ಲದ ಯಾಕೂಮಿಸನಿಗೆ ವರ್ಷಕ್ಕೊಮ್ಮೆ ಒಂದು ತಟ್ಟೆ ಗೋಧಿಯಷ್ಟೇ ಸಲ್ಲುತ್ತದೆ. ಸೆವಸ್ತಿ ಗೋಧಿ ಬೇಯಿಸಿ, ಬಟ್ಟೆಯ ಮೇಲೆ ಹರಡಿ ಆರಿಸಿ, ದಾಳಿಂಬೆ ಬೀಜ, ದ್ರಾಕ್ಷಿ, ಬಾದಾಮಿ ಬೆರೆಸಿ, ಮೇಲೆ ಸಕ್ಕರೆ ಪುಡಿ ಒತ್ತಿ, ಬೆಳ್ಳಿ ಬಣ್ಣದ ಮಿಠಾಯಿಯಿಂದ ಶಿಲುಬೆಯನ್ನೂ ಸತ್ತವನ ಹೆಸರಿನ ಮೊದಲಕ್ಷರವನ್ನೂ ಬರೆಯುತ್ತಾಳೆ. ಪೂಜೆಯ ಕೊನೆಗೆ ಪಾದ್ರಿ ಅದರ ಮೇಲೆ ಹೆಸರು ಓದಿ ಹರಸಬೇಕು. ಆಮೇಲೆ ಬಂದವರೆಲ್ಲ ಒಂದೊಂದು ಹಿಡಿ ತಿಂದು, "ದೇವರು ಅವನನ್ನು ಕ್ಷಮಿಸಲಿ" ಎನ್ನಬೇಕು. ಕೈಚಾಚಿದವರಿಗೆ ಆ ಗೋಧಿಯನ್ನು ಇಲ್ಲ ಎನ್ನಬಾರದು. ತಟ್ಟೆಯನ್ನು ತೆಮೆಲಿಸನೇ ಹೊರುತ್ತಾನೆ, ಬೇರೆ ಯಾರೂ ಮುಟ್ಟುವಂತಿಲ್ಲ. ಒಂದು ಕೈಯಲ್ಲಿ ಊರುಗೋಲು ಬೇಕಲ್ಲ, ಅದಕ್ಕೆ ಸೆವಸ್ತಿ ತಟ್ಟೆಯನ್ನು ಶಾಲಿನಿಂದ ಅವನ ಎದೆಗೆ ಕಟ್ಟುತ್ತಾಳೆ.

ಈ ವರ್ಷ ಗೋಧಿ ಹೊರುವ ಭಾನುವಾರವೇ ಬಂದರಿಗೆ ಪ್ರವಾಸಿ ಹಡಗು ಬಂದಿತ್ತು. ಹಡಗಿನವರಿಗಾಗಿ ಇಗರ್ಜಿಯ ಮುಂದೆಯೇ ಮಿಹಾನಿಕೋಸ್ ಕುಣಿತ ಇಟ್ಟಿದ್ದರು. ಪೂಜೆಯ ಹೊತ್ತಿಗೆ ಬೇಡವೆಂದು ಪಾದ್ರಿ ಹೇಳಿದ್ದರು. ಹಡಗು ಮಧ್ಯಾಹ್ನಕ್ಕೆ ಹೊರಡುತ್ತದೆಂದು ಯಾರೂ ಅವರ ಮಾತು ಕೇಳಲಿಲ್ಲ. ಯಂತ್ರ ಹಿಡಿದವನ ಕುಣಿತ ಅದು. ಗಂಡಸರು ಸಾಲಾಗಿ ಕೈ ಹಿಡಿದು ಕುಣಿಯುತ್ತಾರೆ. ಸಾಲಿನ ಮುಂದಾಳು ಮಾತ್ರ ಕೋಲೂರಿ, ಗಡಗಡ ನಡುಗಿ, ಬಿದ್ದು ಎದ್ದು, ಕೊನೆಗೆ ಕೋಲೆಸೆದು ಹಾರುತ್ತಾನೆ. ಅಂದಿನ ಮುಂದಾಳು ಸಕೆಲ್ಲಾರಿಸ್, ಯಾಕೂಮಿಸ್ ಸತ್ತ ದೋಣಿಯ ಆ ಕಪ್ತಾನನ ಮಗ. ಅವನಷ್ಟು ಚೆನ್ನಾಗಿ ನಡುಗುವವರು ದ್ವೀಪದಲ್ಲೇ ಇಲ್ಲವೆಂದು ಹೆಸರು. ತನ್ನ ಅಂಗಡಿಯ ಬಾಗಿಲಲ್ಲಿ ಕೂತು, ದಿನವೂ ಮುಂದೆ ಹಾದುಹೋಗುವ ತೆಮೆಲಿಸನನ್ನು ನೋಡಿಯೇ ಅವನು ಕಲಿತದ್ದು.

ಸೆವಸ್ತಿ ಎಣ್ಣೆ, ಮೇಣದಬತ್ತಿ ಹಿಡಿದು ಮುಂದೆ ಹೋಗಿದ್ದಳು. ತೆಮೆಲಿಸ್ ಬರುವಷ್ಟರಲ್ಲಿ ದಾರಿ ತುಂಬ ಜನ. ಇಗರ್ಜಿಯ ಹಿಂದಿನ ದಾರಿಯಲ್ಲಾದರೆ ಎಂಬತ್ತು ಮೆಟ್ಟಿಲು.

"ಸಕೆಲ್ಲಾರಿಸ್, ಒಂದ್ನಿಮಿಷ ನಿಲ್ಸೋ. ಒಳಗೆ ತಮ್ಮನ ಹೆಸರು ಓದೋ ಹೊತ್ತಾಯ್ತು."

"ಕುಣಿತದ ಗುರುಗಳು ಬಂದ್ರು, ಜಾಗ ಬಿಡ್ರೋ!" ಎಂದ ಸಕೆಲ್ಲಾರಿಸ್. ಸಾಲು ಪೂರಾ ನಕ್ಕಿತು. "ನಿಲ್ಸಿದ್ರೆ ಹಡಗಿನೋರು ಎದ್ದೋಗ್ತಾರೆ ಮಾವ. ನಮ್ ಹಿಂದೇನೇ ದಾಟ್ಕೊಂಡ್ಹೋಗು. ಹೆಜ್ಜೆ ನಿಂಗೇನು ಹೇಳ್ಕೊಡ್ಬೇಕಾ?"

ಪಿಟೀಲು ನಿಲ್ಲಲಿಲ್ಲ. ತೆಮೆಲಿಸ್ ಸಾಲಿನ ಹಿಂದೆ ಕಾಲೆಳೆದುಕೊಂಡು ಹೊರಟ. ಹಡಗಿನವರಲ್ಲಿ ಮೊದಲು ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಅವನ ಕಾಲು ಬಿದ್ದಂತೆಲ್ಲ ತಾಳ ಹಾಕಿದರು. ಪಿಟೀಲು ಜೋರಾಯಿತು, ಸಕೆಲ್ಲಾರಿಸ್ ಕೋಲೆಸೆದು ಹಾರಿದ. ಈಗ ಎಲ್ಲರ ಕಣ್ಣೂ ತೆಮೆಲಿಸನ ಮೇಲೆ. ಅರ್ಧ ಚಡ್ಡಿಯ ಮುದುಕನೊಬ್ಬ, ಎಸೆ, ನೀನೂ ಎಸೆ ಎಂದು ಕೈಸನ್ನೆ ಮಾಡಿ ಹುರಿದುಂಬಿಸಿದ.

ಅಷ್ಟರಲ್ಲಿ ದೊಡ್ಡ ಟೋಪಿಯ ಮುದುಕಿಯೊಬ್ಬಳು ತಟ್ಟೆಯ ಅಂಚಿಗೆ ಕೈಹಾಕಿ ಚಿಟಿಕೆ ಗೋಧಿ ಎತ್ತಿದಳು. ತೆಮೆಲಿಸ್ ನಿಂತ. ತಪ್ಪಾದದ್ದು ಅಲ್ಲೇ. ಚಾಚಿದ ಕೈಯಿಂದ ಅದನ್ನು ಕಸಿಯಲು ಅವನಿಗೆ ಬರಲಿಲ್ಲ. ಅವಳ ಭಾಷೆಯಲ್ಲಾದರೂ 'ದೇವರು ಕ್ಷಮಿಸಲಿ' ಎಂಬ ಮಾತು ಬರಬಹುದೆಂದು ಅವಳ ಬಾಯನ್ನೇ ನೋಡಿದ. ಅವಳು ಗಂಡನ ಕಡೆ ತಿರುಗಿ, ಸಿಹಿಯಾಗಿದೆ ಎಂಬಂತೆ ಕಣ್ಣರಳಿಸಿದಳು. ನಿಂತವನ ಸುತ್ತ ಕೈಗಳು ಮುತ್ತಿದವು.

"ಇನ್ನೂ ಹರಸಿಲ್ಲ! ಫೋತಿನಿ, ಅವರಿಗೆ ಹೇಳೇ, ಇದು ಸತ್ತೋರ್ದು ಅಂತ ಹೇಳೇ!" ಎಂದು ತೆಮೆಲಿಸ್ ಕೂಗಿದ.

ಹಡಗಿನವರಿಗೆ ಊರು ತೋರಿಸುವ ಫೋತಿನಿಗೆ ಅವರ ಭಾಷೆ ಬರುತ್ತಿತ್ತು, ಗೋಧಿ ಯಾವುದೆಂದೂ ಗೊತ್ತಿತ್ತು. "ತಿಂದ್ಕೊಳ್ಲಿ ಬಿಡು ಮಾವ. ಈಗ ಹೇಳಿದ್ರೆ ವಾಂತಿ ಮಾಡ್ಕೋತಾರೆ," ಎಂದು ನಕ್ಕಳು. ಹಡಗಿನವರಿಗೆ ಏನೋ ಹೇಳಿದಳು. ಅವರು ಇನ್ನಷ್ಟು ಮುಂದೆ ಬಂದರು. ಮಿಠಾಯಿಯ ಅಕ್ಷರ ಒಂದು ಮಗುವಿನ ಕೆನ್ನೆಯೊಳಗೆ ಹೋಯಿತು. ಒಂದು ಕೈ ಕೋಲಿಗೆ, ಒಂದು ಕೈ ಶಾಲಿಗೆ. ತಳ್ಳಲು ತೆಮೆಲಿಸನಿಗೆ ಮೂರನೆಯ ಕೈ ಇರಲಿಲ್ಲ.

ಹಡಗಿನವರು ಸ್ಪಂಜಿನಂಗಡಿಗಳ ಕಡೆ ತಿರುಗಿದಾಗ ತಟ್ಟೆಯ ಮೂಲೆಯಲ್ಲಿ ಎರಡು ಹಿಡಿ ಉಳಿದಿತ್ತು. ಅವನು ಅದನ್ನು ಬೆರಳಿನಿಂದ ಒಂದೆಡೆ ಕೂಡಿಸಿಕೊಂಡ. ಇಗರ್ಜಿಯ ಒಳಗೆ ಪಾದ್ರಿ ಸತ್ತವರ ಹೆಸರು ಓದಲು ಶುರುಮಾಡಿದ್ದರು. ಬಾಗಿಲಲ್ಲಿ ನಿಂತ ಸೆವಸ್ತಿ ತಟ್ಟೆಯನ್ನು ನೋಡಿ ತಲೆಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಮುಂದೆ ಆರು ಮೆಟ್ಟಿಲು.

ಸಕೆಲ್ಲಾರಿಸ್ ಬೆವರು ಒರೆಸುತ್ತ ಓಡಿಬಂದ. ಅವನ ನಗು ಇಳಿದಿತ್ತು. "ಕೊಡು ಮಾವ, ಎರಡೇ ಹೆಜ್ಜೆಗೆ ಒಳಗಿಟ್ಟು ಬರ್ತೀನಿ. ನೀನು ಹತ್ತೋವಷ್ಟರಲ್ಲಿ ಹೆಸರು ದಾಟ್ಹೋಗತ್ತೆ."

ಅದು ನಿಜವೇ ಆಗಿತ್ತು. ಒಳಗಿನಿಂದ ಹೆಸರುಗಳು ಒಂದರ ಹಿಂದೊಂದು ಕೇಳಿಬರುತ್ತಿದ್ದವು.

ತೆಮೆಲಿಸ್ ಬಾಗಿಲಿಗೆ ಬೆನ್ನು ತಿರುಗಿಸಿ ಮೊದಲ ಮೆಟ್ಟಿಲ ಮೇಲೆ ಕೂತ. ಕೂತುಕೊಂಡೇ ಹಿಂದಕ್ಕೆ ಹತ್ತಲು ಅಂಗೈ ಊರಿದ. ಸಕೆಲ್ಲಾರಿಸ್ ಬಗ್ಗಿ ತಟ್ಟೆಗೆ ಕೈಹಾಕಿದ.

"ಬೇಡ," ಎಂದ. "ಕೈ ತೆಗಿ."