ಗಾಜು, ಚೀಟಿ, ಮಂಚ

ಆಸ್ಪತ್ರೆಯ ಪೆಥಾಲಜಿ ವಿಭಾಗದ ನಮ್ಮ ಮೇಷ್ಟ್ರು ಚೀಟಿಯನ್ನು ಮೊದಲು ಓದುತ್ತಿರಲಿಲ್ಲ. ಆಪರೇಷನ್ ಕೋಣೆಯಿಂದ ಬರುವ ಪ್ರತಿಯೊಂದು ಮಾಂಸದ ತುಂಡಿನ ಜೊತೆ ಒಂದು ಚೀಟಿ ಇರುತ್ತಿತ್ತು: ರೋಗಿಯ ವಯಸ್ಸು, ಗಂಟು ಎಲ್ಲಿದೆ, ಎಷ್ಟು ದಿನದ್ದು, ಏಟು ಬಿದ್ದಿತ್ತೇ, ಸರ್ಜನ್ನರ ಅನುಮಾನವೇನು. ಮೇಷ್ಟ್ರು ಅದನ್ನು ಮಡಿಸಿ ಪೇಪರ್‌ವೇಟಿನ ಕೆಳಗೆ ತಳ್ಳಿ, ಮೊದಲು ಗಾಜನ್ನು ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದರು. ಬಣ್ಣ ಹಾಕಿದ ತೆಳುವಾದ ಪದರವನ್ನು ಅಂಟಿಸಿದ ಆ ಪಟ್ಟಿಯನ್ನು ನಾವು ಗಾಜು ಎಂದೇ ಕರೆಯುತ್ತಿದ್ದೆವು. ನೋಡಿ, ಮನಸ್ಸಿನಲ್ಲೊಂದು ಹೆಸರು ಗಟ್ಟಿ ಮಾಡಿಕೊಂಡ ಮೇಲೆ ಚೀಟಿ ಬಿಚ್ಚುತ್ತಿದ್ದರು. ಮೊದಲೇ ಓದಿದರೆ ಸರ್ಜನ್ನರು ಹೇಳಿದ್ದೇ ಕಣ್ಣಿಗೆ ಕಾಣುತ್ತದೆ ಎನ್ನುವುದು ಅವರ ವಾದ. ಅಪರೂಪದ ಗಂಟಾಗಿದ್ದರೆ ಮಧ್ಯಾಹ್ನ ವಾರ್ಡಿಗೆ ಹೋಗಿ ರೋಗಿಯ ಮಂಚದ ಪಕ್ಕ ನಿಂತು ಚೀಟಿಯಲ್ಲಿಲ್ಲದ್ದನ್ನು ಕೇಳುತ್ತಿದ್ದರು: ಏನು ಕೆಲಸ ಮಾಡ್ತೀಯಪ್ಪ, ಭಾರ ಎತ್ತೋದು ಯಾವ ಹೆಗಲಲ್ಲಿ, ಮನೇಲಿ ದನ ಇದೆಯೇ. ಆಮೇಲೆಯೇ ವರದಿಗೆ ಸಹಿ.

ಗಾಜು, ಚೀಟಿ, ಮಂಚ. ಈ ಮೂರರಲ್ಲಿ ನಾನು ಎರಡನ್ನು ಮಾತ್ರ ಪೂರ್ತಿ ಕಲಿತೆ. ಏಕೆಂದರೆ ಹೆಂಗಸರ ವಾರ್ಡಿಗೆ ನನ್ನನ್ನು ಕರೆದೊಯ್ಯುತ್ತಿದ್ದ ಮೇಷ್ಟ್ರು ಗಂಡಸರ ವಾರ್ಡಿಗೆ ಒಬ್ಬರೇ ಹೋಗುತ್ತಿದ್ದರು. ಅವರು ಬೇಡ ಎನ್ನಲಿಲ್ಲ, ನಾನು ಬರುತ್ತೇನೆ ಎನ್ನಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗದ ಹೆಣ್ಣು ಡಾಕ್ಟರು ಪರಗಂಡಸಿನ ಮೈ ಮೇಲಿನ ಗಂಟನ್ನು ಮುಟ್ಟಿ ನೋಡುವುದೆಂದರೆ ವಾರ್ಡಿಗೆ ವಾರ್ಡೇ ತಿರುಗಿ ನೋಡುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಹೋಗದಿರುವುದೇ ಹಾಯೆನಿಸುತ್ತಿತ್ತು. ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದವರೆಲ್ಲ ನನ್ನನ್ನು ‘ನಾಡಿ ಹಿಡಿಯದ ಡಾಕ್ಟರು’ ಎಂದು ಆಡಿಕೊಳ್ಳುತ್ತಿದ್ದರು. ಅಮ್ಮನಿಗೆ ಅದು ಅವಮಾನ, ನನಗೆ ಅನುಕೂಲ.

ಮೇಷ್ಟ್ರ ಬೀರುವಿನಲ್ಲಿ ಮೂರು ಮರದ ಪೆಟ್ಟಿಗೆಗಳಿದ್ದವು. ಒಂದರಲ್ಲಿ ಹೆಸರು ಖಚಿತವಾದ ಅಪರೂಪದ ಗಂಟುಗಳ ಗಾಜುಗಳು. ಇನ್ನೊಂದರಲ್ಲಿ ಯಾರೂ ಹೆಸರಿಡಲಾರದೆ ಹೋದವು. ಮೂರನೆಯದರ ಮೇಲೆ ಅವರೇ ‘ವೇಷಗಾರರು’ ಎಂದು ಬರೆದು ಅಂಟಿಸಿದ್ದರು. ನೋಡುವುದಕ್ಕೆ ಥೇಟ್ ಕ್ಯಾನ್ಸರ್, ಆದರೆ ಅಲ್ಲ. ಮೈ ತನ್ನ ಗಾಯವನ್ನು ತಾನೇ ರಿಪೇರಿ ಮಾಡಿಕೊಳ್ಳಲು ಹೋಗಿ ಗಾಬರಿಯಲ್ಲಿ ಕಟ್ಟಿದ ಗಂಟು, ಹಳೇ ಕೀವು, ಎಲ್ಲೋ ಹೊಕ್ಕ ಮುಳ್ಳಿನ ಸುತ್ತ ಬೆಳೆದದ್ದು. ಬೆಳ್ಳಗಿರುವುದೆಲ್ಲ ಹಾಲಲ್ಲ ಕಣಮ್ಮ, ಎನ್ನುತ್ತಿದ್ದರು. ನನ್ನ ಆಸೆಯೆಲ್ಲ ಮೊದಲನೇ ಪೆಟ್ಟಿಗೆಯ ಮೇಲೆ. ನಾನು ಗುರುತಿಸಿದ ಒಂದು ಗಾಜು ಅದರಲ್ಲಿ ಸೇರಬೇಕು ಎಂದು ಎರಡು ವರ್ಷದಿಂದ ಕಾದಿದ್ದೆ.

ಮಗಳ ಮದುವೆಗೆಂದು ಮೇಷ್ಟ್ರು ಒಂದು ತಿಂಗಳು ರಜೆ ಹಾಕಿ ಊರಿಗೆ ಹೋದರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನೇ ವಿಭಾಗದ ಯಜಮಾನಿಯಾದೆ. ಆ ವಾರವೇ ಒಂದು ತುಂಡು ಬಂತು. ಒಳಗೆ ಮೂಳೆಯ ಚೂರುಗಳಿದ್ದುದರಿಂದ ಆಸಿಡ್ಡಿನಲ್ಲಿ ಕೆಲವು ದಿನ ನೆನೆಹಾಕಿ ಮೆತ್ತಗೆ ಮಾಡಬೇಕಾಯಿತು. ಆಮೇಲೆ ಮೇಣದಲ್ಲಿ ಅಚ್ಚು ಹಾಕಿ, ಈರುಳ್ಳಿಯ ಒಳಪೊರೆಗಿಂತ ತೆಳುವಾಗಿ ಹೆರೆದು, ಬಣ್ಣ ಕಟ್ಟಿ, ಸೋಮವಾರ ಬೆಳಿಗ್ಗೆ ಗಾಜು ನನ್ನ ಮುಂದೆ ಬಂತು. ಚೀಟಿಯನ್ನು ಮೇಷ್ಟ್ರ ಹಾಗೆಯೇ ಮಡಿಸಿ ಪೇಪರ್‌ವೇಟಿನ ಕೆಳಗಿಟ್ಟೆ.

ಗಾಜಿಗೆ ಕಣ್ಣಿಟ್ಟೆ. ಜೀವಕೋಶಗಳು ಒಂದರ ಮೇಲೊಂದು ಬಿದ್ದು ಕಿಕ್ಕಿರಿದಿದ್ದವು. ಗಾತ್ರದಲ್ಲಿ ಒಂದಕ್ಕೊಂದು ಹೊಂದಿಕೆಯಿಲ್ಲ, ಎಲ್ಲೆಲ್ಲೂ ಒಂದು ಎರಡಾಗಿ ಸೀಳುತ್ತಿರುವವು, ನಡುನಡುವೆ ಎಳೆ ಮೂಳೆಯ ಗುಲಾಬಿ ಎಳೆಗಳು. ಮೂಳೆ ಹುಟ್ಟಿಸುವ ಸಾರ್ಕೋಮಾ, ಎಂದುಕೊಂಡೆ. ಕ್ಯಾನ್ಸರಿನಲ್ಲೇ ಕೆಟ್ಟ ಜಾತಿಯದು. ಚೀಟಿ ಬಿಚ್ಚಿದೆ. ಇಪ್ಪತ್ತೆರಡು ವರ್ಷದ ಗಂಡಸು. ಎಡತೊಡೆಯ ಒಳಭಾಗದಲ್ಲಿ, ಮೂಳೆಗೆ ಅಂಟದೆ ಮಾಂಸದೊಳಗೇ ಗಂಟು. ಬೇಗ ಬೆಳೆದಿದೆ. ಏಟು: ಇಲ್ಲ. ಮೂಳೆಯ ಸಾರ್ಕೋಮಾ ಮೂಳೆಯಲ್ಲಿ ಹುಟ್ಟದೆ ಮಾಂಸದಲ್ಲಿ ಹುಟ್ಟುವುದು ಅಪರೂಪದಲ್ಲಿ ಅಪರೂಪ. ಮೇಷ್ಟ್ರ ಮೊದಲನೇ ಪೆಟ್ಟಿಗೆಯಲ್ಲೂ ಅಂಥದ್ದು ಒಂದಿರಲಿಲ್ಲ.

ಸಂದೇಹವಿದ್ದ ಗಾಜನ್ನು ಹತ್ತಿಯಲ್ಲಿ ಸುತ್ತಿ ರಿಜಿಸ್ಟರ್ಡ್ ಅಂಚೆಯಲ್ಲಿ ಬೊಂಬಾಯಿಯ ತಜ್ಞರಿಗೆ ಕಳಿಸುವ ಪದ್ಧತಿಯಿತ್ತು. ನಾನು ಕಳಿಸಲಿಲ್ಲ. ನನಗೆ ಸಂದೇಹವಿರಲಿಲ್ಲ. ವಾರ್ಡಿಗೂ ಹೋಗಲಿಲ್ಲ, ಗಂಡಸರ ವಾರ್ಡು, ಅದೂ ತೊಡೆ. ರಿಜಿಸ್ಟರಿನಲ್ಲಿ ಸಾರ್ಕೋಮಾ ಎಂದು ಬರೆದು ಸಹಿ ಮಾಡಿದೆ. ಗಾಜನ್ನು ಮೊದಲನೇ ಪೆಟ್ಟಿಗೆಯಲ್ಲಿಟ್ಟು, ಸಂಜೆ ದೇವರಾಜ ಮಾರುಕಟ್ಟೆಯಲ್ಲಿ ಮೊಳ ಮಲ್ಲಿಗೆ ಕೊಂಡು ಮುಡಿದು ಮನೆಗೆ ಹೋದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಬೆಳಿಗ್ಗೆ ಆ ಕಾಲನ್ನು ಸೊಂಟದ ಕೀಲಿನಿಂದಲೇ ತೆಗೆಯುವುದೆಂದು ನಿಗದಿಯಾಯಿತು.

ಬುಧವಾರ ನಮ್ಮ ಲ್ಯಾಬಿನ ಜವಾನ ಕತ್ತಿ ಮಸೆಯುತ್ತ ಕೂತಿದ್ದ. ಐವತ್ತು ದಾಟಿದ ಮನುಷ್ಯ. ಮೇಣದ ಅಚ್ಚನ್ನು ಹೆರೆಯುವ ಕತ್ತಿಯನ್ನು ಅವನಷ್ಟು ಹದವಾಗಿ ಮಸೆಯುವವರಿರಲಿಲ್ಲ. ವರದಿಯನ್ನು ವಾರ್ಡಿಗೆ ಒಯ್ದು ಕೊಟ್ಟವನೂ ಅವನೇ. ಅಂದು ಅವನ ಕೈ ಮತ್ತೆ ಮತ್ತೆ ನಿಲ್ಲುತ್ತಿತ್ತು.

“ಒಂದ್ ಮಾತ್ ಏಳ್ಲಾ ಅಮ್ಮಾವ್ರೆ? ಬೈಬಾರ್ದು.”

“ಹೇಳಪ್ಪ.”

“ಆ ಕಾಲ್ ತೆಗೀತಾರಲ್ಲ, ಆ ವುಡ್ಗ ನಮ್ ಬೀದಿ ಗರಡಿ ಪೈಲ್ವಾನ ಕಣ್ರವ್ವ. ಒಂದೂವರೆ ತಿಂಗ್ಳಿಂದ ಉಸ್ತಾದ್ರು ದಿನಾ ಬೆಳಿಗ್ಗೆ ಎಣ್ಣೆ ಆಕಿ ಅವ್ನ ತೊಡೆ ನೀವ್ತಾ ಇದ್ರು. ಸುಮ್ಸುಮ್ನೆ ನೀವ್ತಾರಾ?”

“ಏಟು ಬಿದ್ದಿಲ್ಲ ಅಂತ ಚೀಟೀಲಿ ಬರೆದಿದೆಯಲ್ಲ.”

“ಮಟ್ಟೀಲಿ ಆದದ್ದನ್ನ ಮಟ್ಟಿಯಿಂದ ಆಚೆ ಆಡಂಗಿಲ್ಲ ಅಮ್ಮಾವ್ರೆ. ಗರಡಿ ರೂಲು. ಈಗ ನಾನು ಆಡ್ದೆ ನೋಡಿ, ಅದೂ ತಪ್ಪೇಯ.”

ಮಟ್ಟಿ ಎಂದರೆ ಪೈಲ್ವಾನರು ಸೆಣಸುವ ಕೆಮ್ಮಣ್ಣಿನ ಅಂಗಳ. ಅವನು ಮತ್ತೆ ಕತ್ತಿ ಮಸೆಯತೊಡಗಿದ. ಮಾಂಸಕ್ಕೆ ಬಲವಾದ ಪೆಟ್ಟು ಬಿದ್ದು, ಒಳಗೆ ರಕ್ತ ನಿಂತು, ಅದನ್ನು ಮತ್ತೆ ಮತ್ತೆ ತಿಕ್ಕಿದರೆ ಮೈ ಅಲ್ಲಿ ಮೂಳೆ ಕಟ್ಟಲು ಶುರುಮಾಡುತ್ತದೆ. ಅಂಥ ಗಂಟಿನ ನಡುಭಾಗವನ್ನಷ್ಟೇ ನೋಡಿದರೆ ಸಾರ್ಕೋಮಾ ಎಂದು ಯಾರಾದರೂ ಮೋಸ ಹೋಗುತ್ತಾರೆ. ವ್ಯತ್ಯಾಸವಿರುವುದು ಅಂಚಿನಲ್ಲಿ. ಕ್ಯಾನ್ಸರಿನ ಅಂಚು ಎಳೆಯದು, ಪಕ್ಕದ ಮಾಂಸವನ್ನು ತಿನ್ನುತ್ತ ಹೋಗುತ್ತದೆ. ಇದರ ಅಂಚು ಬಲಿತದ್ದು, ಕಡಲೆಕಾಯಿಯ ಹಾಗೆ ಸುತ್ತ ಗಟ್ಟಿ ಸಿಪ್ಪೆ, ಒಳಗೆ ಮೆತ್ತಗೆ. ಇದೆಲ್ಲ ಮೇಷ್ಟ್ರು ಪಾಠದಲ್ಲಿ ಹೇಳಿದ್ದೇ. ಗಾಜನ್ನು ಮತ್ತೆ ತೆಗೆದು ನೋಡಿದೆ. ಅದರಲ್ಲಿ ಅಂಚೇ ಇರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಕೋಶಗಳು ಮೂಳೆಯ ಪಕ್ಕ ಸಾಲಾಗಿ, ಶಿಸ್ತಾಗಿ ಕೂತಿದ್ದವು. ಸೋಮವಾರವೂ ಅವು ಕಂಡಿದ್ದವು; ನಾನು ಲೆಕ್ಕಕ್ಕಿಟ್ಟಿರಲಿಲ್ಲ.

ಗಂಡಸರ ವಾರ್ಡಿಗೆ ನಡೆದೆ. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು, ನೋಡಲಿ ಎಂದುಕೊಂಡೆ. ಆ ಹುಡುಗ ನನ್ನನ್ನು ಕಂಡು ದುಪ್ಪಟಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡ. ಪಕ್ಕದ ಸ್ಟೂಲಿನ ಮೇಲೆ ದಪ್ಪ ಮೀಸೆಯ ಹಿರಿಯರೊಬ್ಬರು ಕೂತಿದ್ದರು. ಕುಸ್ತಿಯಲ್ಲಿ ನುಜ್ಜಾಗಿ ಕಿವಿ ಮುದುಡಿತ್ತು, ಉಸ್ತಾದರೆಂದು ಹೇಳಬೇಕಾಗಿರಲಿಲ್ಲ.

“ತೊಡೆಗೆ ಏಟು ಬಿದ್ದಿತ್ತೇನಪ್ಪ?”

“ಇಲ್ರಮ್ಮಾ.”

“ಗರಡೀಲಿ ಏನಾದ್ರೂ?”

“ಏನೂ ಇಲ್ರಮ್ಮಾ.” ಅವನು ನನ್ನನ್ನಲ್ಲ, ಉಸ್ತಾದರ ಪಾದವನ್ನು ನೋಡುತ್ತಿದ್ದ.

ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಹೊತ್ತು ಗೊತ್ತು ನೋಡುವುದಿಲ್ಲ. “ನೋಡು, ನಾಳೆ ಬೆಳಿಗ್ಗೆ ನಿನ್ನ ಕಾಲು ಹೋಗುತ್ತೆ. ತೆಗೀಬೇಕು ಅಂತ ಬರೆದವಳು ನಾನು. ನಿನ್ನ ಮುಖ ನೋಡದೆ ಬರೆದೆ, ಇಲ್ಲಿಗೆ ಬರೋಕೆ ನಾಚಿಕೆಯಾಗಿ. ನಾನು ಬರೆದದ್ದು ತಪ್ಪಿರಬಹುದು. ಏಟು ಬಿದ್ದಿದ್ದರೆ ಇದು ಕ್ಯಾನ್ಸರ್ ಅಲ್ಲದೆ ಇರಬಹುದು. ಈಗಲೂ ಸುಮ್ಮನೆ ಇರ್ತೀಯಾ?”

ಅವನ ಕಣ್ಣಲ್ಲಿ ನೀರು ತುಂಬಿತು. ಉಸ್ತಾದರು ಎದ್ದು ನಿಂತರು.

“ಅವ್ನು ಆಡಕ್ಕಿಲ್ಲ ತಾಯಿ. ಗುರು ಮ್ಯಾಲೆ ದೂರಾಯ್ತದೆ ಅಂತ. ನನ್ ಮೊಣಕಾಲು ಅದು. ಒಸಾ ಪಟ್ಟು ಯೋಳ್ಕೊಡೋವಾಗ ತೊಡೆ ಮ್ಯಾಲೆ ಪೂರಾ ಭಾರ ಬುಟ್ಬುಟ್ಟೆ. ಮಾರ್ನೇ ದಿನ ಕಪ್ಪಾಗಿತ್ತು. ನಾನೇ ನೀವಿ ಸರಿ ಮಾಡ್ತೀನಿ ಅಂದ್ಕಂಡೆ.”

ಅಲ್ಲಿಂದ ಸೀದಾ ಸರ್ಜನ್ನರ ಕೋಣೆಗೆ ಹೋದೆ. ತುಂಡನ್ನು ಗಂಟಿನ ಯಾವ ಭಾಗದಿಂದ ತೆಗೆದಿರಿ ಎಂದು ಕೇಳಿದೆ. “ಮಧ್ಯದಿಂದ ಕಣ್ರೀ. ಅಂಚೆಲ್ಲ ಗಟ್ಟಿ, ಕತ್ತಿ ಇಳೀಲಿಲ್ಲ,” ಎಂದರು. ಅಂಚು ಗಟ್ಟಿ! ಇದೊಂದು ಮಾತನ್ನು ಸೋಮವಾರ ಕೇಳಿದ್ದರೆ ಸಾಕಿತ್ತು. ನಾನು ಹೊಸ ವರದಿ ಬರೆದು ಅವರ ಮುಂದಿಟ್ಟೆ: ಆಪರೇಷನ್ ನಿಲ್ಲಿಸಿ, ತಿಕ್ಕುವುದು ನಿಲ್ಲಲಿ, ಮೂರು ವಾರ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಯಿರಿ.

“ಏನ್ರೀ ಇದು, ಸೋಮವಾರ ಒಂದು, ಬುಧವಾರ ಇನ್ನೊಂದು? ಸಹಿ ನಿಮ್ಮದೇ ತಾನೆ?”

“ಎರಡೂ ನಂದೇ ಸಾರ್.”

“ಮೂರು ವಾರ ಕಾದ ಮೇಲೆ ಅದು ಸಾರ್ಕೋಮಾನೇ ಆಗಿದ್ರೆ?”

“ಪ್ರಾಣ ಹೋಗುತ್ತೆ. ಅದಕ್ಕೂ ನಾನೇ ಹೊಣೆ.”

ಅವರು ಗುರುವಾರದ ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಿದರು. ಗಾಜನ್ನು ಅದೇ ದಿನ ಬೊಂಬಾಯಿಗೂ ಕಳಿಸಿದೆ. ನಮ್ಮ ರಿಜಿಸ್ಟರಿನಲ್ಲಿ ಬರೆದದ್ದನ್ನು ಅಳಿಸುವ ಹಾಗಿರಲಿಲ್ಲ. ಹಳೆಯ ವರದಿಯ ಕೆಳಗೇ ಕೆಂಪು ಶಾಯಿಯಲ್ಲಿ ಹೊಸದನ್ನು ಬರೆದೆ.

ಆ ಮೂರು ವಾರ ನಾನು ಅನುಭವಿಸಿದ್ದು ನನಗೇ ಗೊತ್ತು. ಎರಡು ದಿನಕ್ಕೊಮ್ಮೆ ವಾರ್ಡಿಗೆ ಹೋಗಿ ಟೇಪು ಹಿಡಿದು ತೊಡೆ ಅಳೆಯುತ್ತಿದ್ದೆ. ಮೊದಲ ವಾರ ಅರ್ಧ ಅಂಗುಲ ಹೆಚ್ಚೇ ಇತ್ತು. ಅಂದು ರಾತ್ರಿ ತಟ್ಟೆ ಬಿಟ್ಟು ಎದ್ದೆ. “ಯಾರದೋ ಕಾಲಿಗೆ ನೀನು ಊಟ ಬಿಟ್ರೆ ಹೇಗೇ?” ಎಂದರು ಅಮ್ಮ. ನಾಡಿ ಹಿಡಿಯದ ಡಾಕ್ಟರೇ ಆಗಿದ್ದರೆ ಚೆನ್ನಾಗಿತ್ತು ಎನಿಸಿತು. ಎರಡನೇ ವಾರ ಅಳತೆ ಅಲ್ಲೇ ನಿಂತಿತು. ಮೂರನೇ ವಾರ ಇಳಿಯಿತು. ಎಕ್ಸ್‌ರೇ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಗಂಟಿನ ಸುತ್ತ ಬಿಳಿ ಗೆರೆ, ಸ್ಪಷ್ಟವಾದ ಸಿಪ್ಪೆ. ತೊಡೆಯ ಮೂಳೆಗೂ ಅದಕ್ಕೂ ನಡುವೆ ಖಾಲಿ ಜಾಗ. ಸರ್ಜನ್ನರು “ಸರಿ ಕಣ್ರೀ” ಎಂದಷ್ಟೇ ಅಂದರು. ಬೊಂಬಾಯಿಯ ಉತ್ತರ ಗಾಜಿನ ಜೊತೆ ಆಮೇಲೆ ಬಂತು: ನಡುಭಾಗ ಮಾತ್ರವಿದೆ, ರೋಗಿಯನ್ನು ನೋಡದೆ ಹೇಳಲಾಗದು.

ಮೇಷ್ಟ್ರು ಮದುವೆ ಮುಗಿಸಿ ಬಂದು ರಿಜಿಸ್ಟರ್ ತಿರುವಿದರು. ಕಪ್ಪು ಶಾಯಿ, ಅದರ ಕೆಳಗೆ ಕೆಂಪು ಶಾಯಿ. ನಾನು ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದೆ.

“ವಾರ್ಡಿಗೆ ಯಾವತ್ತು ಹೋದೆಯಮ್ಮ?”

“ಬುಧವಾರ ಸಾರ್.”

“ನಿನ್ನನ್ನ ಜೊತೆಗೆ ಕರೆದುಕೊಂಡು ಹೋಗದೆ ಇದ್ದದ್ದು ನನ್ನ ತಪ್ಪು,” ಎಂದು, ಗಾಜನ್ನು ತಾವೇ ತೆಗೆದು ವೇಷಗಾರರ ಪೆಟ್ಟಿಗೆಗೆ ಹಾಕಿದರು. ಮರುದಿನದಿಂದ ಇಬ್ಬರೂ ಎಲ್ಲ ವಾರ್ಡುಗಳಿಗೂ ಹೋದೆವು.

ನಾಲ್ಕು ತಿಂಗಳ ಮೇಲೆ ಉಸ್ತಾದರೂ ಆ ಹುಡುಗನೂ ಲ್ಯಾಬಿನ ಬಾಗಿಲಿಗೆ ಬಂದರು. ಹುಡುಗ ಸ್ವಲ್ಪ ಕುಂಟುತ್ತಿದ್ದ, ಆದರೆ ಎರಡು ಕಾಲಿನ ಮೇಲೆ. ಮತ್ತೆ ಮಟ್ಟಿಗಿಳಿಯುವುದಿಲ್ಲವಂತೆ, ಗರಡಿಯ ಪಕ್ಕದಲ್ಲೇ ಸೈಕಲ್ ಶಾಪು ಇಡುತ್ತಾನಂತೆ. ಉಸ್ತಾದರು ಹಿಂಜರಿಯುತ್ತ, ಆ ತುಂಡನ್ನು ತಾವೂ ನೋಡಬಹುದೇ ಎಂದು ಕೇಳಿದರು. ಗಾಜು ಹಾಕಿ, ಸ್ಟೂಲು ಎಳೆದುಕೊಟ್ಟೆ. ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಬಹಳ ಹೊತ್ತು ನೋಡಿದರು.

“ತಾಯಿ, ನನ್ ತಪ್ಪು ಇದ್ರಲ್ಲಿ ಕಾಣ್ತದಾ?”

“ಕಾಣುತ್ತೆ,” ಎಂದೆ. “ಅದರ ಪಕ್ಕದಲ್ಲೇ ನಂದೂ ಇದೆ.”