ದರಡೋ ದರ್ದೋ

ಬೆಳಗ್ಗೆಯಿಂದ ಮನೆಯೆಲ್ಲ ಹುರುಳಿ ಬೇಯುವ ವಾಸನೆ. ನಿಮಗೆ ಈ ವಾಸನೆ ಸೇರುತ್ತದೋ ಇಲ್ಲವೋ ತಿಳಿಯದು. ನಮ್ಮ ಓಣಿಯಲ್ಲಿ ಮೂಗು ಮುಚ್ಚಿಕೊಳ್ಳುವವರೂ ಇದ್ದಾರೆ. ನನಗೆ ಮಾತ್ರ ಕುಕ್ಕರಿನ ಮೂರನೇ ಸೀಟಿಗೆ ನಗು ಬರುತ್ತದೆ. ಒಲೆಯ ಮುಂದೆ ಒಬ್ಬಳೇ ನಿಂತು ನಗುವ ಹೆಂಗಸನ್ನು ಕಂಡವರು ಏನೆಂದುಕೊಂಡಾರು ಎಂದು ಮೊದಲೆಲ್ಲ ಹೆದರುತ್ತಿದ್ದೆ. ಈಗ ಪಕ್ಕದಲ್ಲಿ ಗಂಗತ್ತೆಯೂ ನಗುತ್ತಾಳೆ. ಅವಳಿಗೆ ಆ ಹಕ್ಕು ನನಗಿಂತ ಹೆಚ್ಚು, ಏಕೆಂದರೆ ತಪ್ಪು ಅವಳದು.

ಗಂಗತ್ತೆ ನಮ್ಮಪ್ಪನ ಅಕ್ಕ. ಹುಟ್ಟಿದ್ದೂ ಕೊಟ್ಟಿದ್ದೂ ಬಾಗಲಕೋಟೆ ಕಡೆ. ಶ್ರಾವಣ ಬಂದರೆ ಬೆಳಗಾವಿಗೆ ಬಂದು ತಿಂಗಳು ಇದ್ದು ಹೋಗುತ್ತಾಳೆ. ಇಲ್ಲಿ ಹಾಲು ಹಾಕುವವನಿಂದ ಹಿಡಿದು ಬಸ್ ಕಂಡಕ್ಟರನವರೆಗೆ ಎಲ್ಲರೂ ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುವವರು. ಗಂಗತ್ತೆಗೆ ಮರಾಠಿಯ ಗಾಳಿಯೂ ತಾಗಿಲ್ಲ. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ಅವಳು ಬಿಡುವುದೂ ಇಲ್ಲ. ಗೊತ್ತಿರುವ ಇನ್ನೊಂದು ಪದವನ್ನು ಅದರ ಜಾಗದಲ್ಲಿ ಕೂರಿಸಿ ಮುಂದೆ ಹೋಗುತ್ತಾಳೆ.

ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಆಗಲೂ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಖಾನಾಪುರದ ಬಸವರಾಜ ನನ್ನನ್ನು ನೋಡಲು ಬಂದಿದ್ದ. ಲೋಂಡಾದ ಆಚೆ, ಗೋವಾ ಕಡೆ ಇಳಿಯುವ ಘಾಟಿನಲ್ಲಿ ರೈಲು ಹಳಿ ಕಾಯುವ ಕೆಲಸ ಅವನದು. ಮಳೆಗಾಲದಲ್ಲಿ ದಿನಾ ಕೆಂಪು ಬಾವುಟ ಹಿಡಿದು ಹಳಿಗುಂಟ ನಡೆಯಬೇಕು. ಅವನಿಗಿಂತ ಮೊದಲು ಬಂದವರು ಅಡುಗೆ ಬರುತ್ತದೆಯಾ ಎಂದು ಕೇಳಿದ್ದರು. ಇವನು ಕೇಳಿದ್ದು, "ಗುಡ್ಡ ಯಾಕ ಜರೀತಾವ್ರಿ ಟೀಚರ್?"

ನಾನು ಬಿಟ್ಟೇನೆ? ಕ್ಲಾಸಿನಲ್ಲಿ ಒಪ್ಪಿಸುವಂತೆ ಒಪ್ಪಿಸಿದೆ. ವಿಪರೀತ ಮಳೆ, ಭೂಕಂಪ, ಕಾಡು ಕಡಿಯುವುದು, ರಸ್ತೆಗೆಂದು ಗುಡ್ಡದ ಬುಡ ಕೊರೆಯುವುದು. ಕೊಡಗಿನಿಂದ ಹಿಮಾಲಯಕ್ಕೆ, ಅಲ್ಲಿಂದ ಆಂಡೀಸ್ ಪರ್ವತದವರೆಗೆ ಅವನನ್ನು ಸುತ್ತಾಡಿಸಿ ತಂದೆ. ಅವನು ತಲೆದೂಗಿ ಕೇಳಿದ.

"ಎಲ್ಲಾ ಖರೇ ಐತ್ರಿ. ಆದ್ರ ಜರಿಯೂಕಿಂತ ಮೊದಲ ಗುಡ್ಡ ಹೇಳತೈತಿ. ಅದು ನಿಮ್ಮ ಪುಸ್ತಕದಾಗ ಐತೇನ್ರಿ?"

ಇರಲಿಲ್ಲ. ನನಗೆ ಸಿಟ್ಟು ಬಂತು. ಆ ಸಿಟ್ಟಿನ ಜೊತೆಗೇ ಹುಡುಗ ಇಷ್ಟವಾದ. ನಮ್ಮ ಕಾಕಾಗೆ ಮಾತ್ರ ಈ ಸಂಬಂಧ ಗಂಟಲಲ್ಲಿ ಇಳಿಯಲಿಲ್ಲ. ಸಾಲಿ ಟೀಚರ್‌ಗೆ ಹಳಿ ಮೇಲೆ ಅಡ್ಡಾಡುವ ಗಂಡನೇ ಎಂದು ಗೊಣಗುತ್ತಲೇ ಇದ್ದರು.

ನಿಶ್ಚಯ ಶ್ರಾವಣದ ಮೊದಲ ಸೋಮವಾರ, ಬೆಳಗಾವಿಯ ನಮ್ಮ ಮನೆಯಲ್ಲಿ. ಬಸವರಾಜ ಘಾಟಿನ ಕೆಲಸ ಮುಗಿಸಿ, ಖಾನಾಪುರದಲ್ಲಿ ಅಪ್ಪ ಅವ್ವನನ್ನು ಕರೆದುಕೊಂಡು ಬರಬೇಕಿತ್ತು. ಬೆಳಗ್ಗೆ ಎಂಟಕ್ಕೆ ಅಪ್ಪನ ಫೋನು ರಿಂಗಾಯಿತು. ಹತ್ತಿರವಿದ್ದವಳು ಗಂಗತ್ತೆ. ಘಾಟಿನ ಕಾಡಿನಿಂದ ಬಸವರಾಜ ಆಡಿದ ಮಾತು ತುಂಡುತುಂಡಾಗಿ ಕೇಳುತ್ತಿತ್ತಂತೆ. ಅವಳು "ಹಾಂ, ಹಾಂ, ಅಯ್ಯ ನಮ್ಮಪ್ಪ" ಎನ್ನುತ್ತ ಕೇಳಿದಳು. ಫೋನು ಕಟ್ಟಾದ ಮೇಲೆ ಪಡಸಾಲೆಯ ನಡುವೆ ನಿಂತು ಕೂಗಿದಳು.

"ಹುಡುಗಗ ದರ್ದ್ ಬಂದೈತಂತ! ಬರಾಕ ಆಗಂಗಿಲ್ಲಂತ. ಕಲ್ಲು ಅದಾವಂತ, ಬಾಳ ದೊಡ್ಡವು. ನೀರು ಕೆಂಪಗ ಬರಾಕತ್ತಿತ್ತಂತ, ಅದಕ್ಕ ಗೊತ್ತಾತಂತ. ಮಷೀನ್ ಹಚ್ಚಿ ತಗೀಬೇಕು, ಎರಡ ದಿನ ಆಕ್ಕೈತಿ ಅಂದ."

ನೋವು, ಕಲ್ಲು, ಕೆಂಪು ನೀರು, ಮಷೀನ್. ಇನ್ನೇನು ಬೇಕು? ಹುಡುಗನಿಗೆ ಕಿಡ್ನಿಯಲ್ಲಿ ಕಲ್ಲು ಎಂದು ಇಡೀ ಮನೆ ತೀರ್ಮಾನಿಸಿತು. ಕಾಕಾಗೆ ಬೇಕಾದ ನೆವ ಸಿಕ್ಕಿತು. "ಇಷ್ಟು ಸಣ್ಣ ವಯಸ್ಸಿಗೆ ಕಲ್ಲು! ಮುಚ್ಚಿ ಇಟ್ಟಿದ್ರು ನೋಡ್ರಿ. ನಮಗೇನ ದರ್ದು ಬಿದ್ದೈತಿ ಅಂಥಾವಗ ಕೊಡಾಕ? ಇವತ್ತ ಬ್ಯಾಡ ಅಂತ ಹೇಳಿಬಿಡೂಣು."

ಅಪ್ಪ ಖಾನಾಪುರಕ್ಕೆ ಫೋನು ಮಾಡಿದರೆ ಹತ್ತಲಿಲ್ಲ. ಮಳೆಗೆ ಅಲ್ಲಿ ಎರಡು ದಿನದಿಂದ ಕರೆಂಟಿರಲಿಲ್ಲ. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಭೂಗೋಳದ ಟೀಚರ್, ನೆನಪಿಡಿ. ಗುಡ್ಡ ಜರಿಯಲು ಕಾರಣಗಳನ್ನು ಬೆರಳು ಮಡಚಿ ಎಣಿಸುವವಳಿಗೆ ಕಲ್ಲು, ಕೆಂಪು ನೀರು ಎಂದಾಗ ಗುಡ್ಡ ನೆನಪಾಗಲಿಲ್ಲ, ಹೊಟ್ಟೆ ನೆನಪಾಯಿತು. ಅತ್ತು ಮುಗಿದ ಮೇಲೆ ಹೊರಗೆ ಬಂದು, ಬಿಡುವುದಾದರೂ ಮುಖ ನೋಡಿ ಬಿಡುತ್ತೇನೆ ಎಂದೆ. ಅಪ್ಪ ಚಪ್ಪಲಿ ಮೆಟ್ಟಿದರು. ಗಂಗತ್ತೆ ಕಲ್ಲಿಗೆ ಒಳ್ಳೆಯದೆಂದು ಹುರುಳಿ ಬೇಯಿಸಿ, ಕಟ್ಟು ಬಸಿದು, ದೊಡ್ಡ ಥರ್ಮಾಸ್ ತುಂಬ ಹಿಡಿದುಕೊಂಡಳು. ಮೂವರೂ ಖಾನಾಪುರದ ಬಸ್ಸು ಹತ್ತಿದೆವು.

ಅವರ ಮನೆಯಲ್ಲಿ ಬಸವರಾಜನ ಅವ್ವ ಇಳಕಲ್ ಸೀರೆ ಉಟ್ಟು, ಹೋಳಿಗೆಯ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ಲೋಂಡಾದಿಂದ ಬಂದ ರೈಲ್ವೆಯವರೊಬ್ಬರು ಆಗಷ್ಟೇ ಅವರಿಗೆ ಸುದ್ದಿ ಮುಟ್ಟಿಸಿ ಹೋಗಿದ್ದರು.

"ಬರ್ರಿ, ಕುಂದರ್ರಿ. ನಾವ ನಿಮ್ಮ ಕಡಿ ಹೊಂಟಿದ್ವಿ."

"ಹುಡುಗ ಹೆಂಗ ಅದಾನ್ರಿ?" ಅಪ್ಪ ಮೆಲ್ಲಗೆ ಕೇಳಿದರು.

"ಆರಾಮ ಅದಾನ್ರಿ. ಬೆಳಗಿನಿಂದ ಹೊಟ್ಟಿಗೆ ಏನೂ ಇಲ್ಲ ಅಷ್ಟ."

ಗಂಗತ್ತೆ ತಡೆಯಲಾರದೆ ಬಾಯಿ ಹಾಕಿದಳು. "ಕಲ್ಲು ಬಿದ್ದುವೇನ್ರಿ?"

"ಬಿದ್ದಾವಲ್ರೀ! ಅದಕ್ಕ ಇಷ್ಟೆಲ್ಲಾ. ಒಂದಂತೂ ನಮ್ಮ ದನದ ಕೊಟ್ಟಿಗಿಯಷ್ಟ ಐತಂತ."

ಗಂಗತ್ತೆ ಥರ್ಮಾಸನ್ನು ನೆಲಕ್ಕಿಟ್ಟಳು. "ಶಿವಶಿವಾ! ಅಷ್ಟ ದೊಡ್ಡದು ಒಳಗ ಎಲ್ಲಿತ್ತರೀ?"

"ಎಲ್ಲಿ ಇರತೈತ್ರಿ, ಗುಡ್ಡದಾಗ! ದರಡ ಬಂದೈತಲ್ರಿ ಘಾಟಿನ್ಯಾಗ. ಇನ್ನ ನಾಕು ವ್ಯಾಗನ್ ಮಣ್ಣು ತಗೀಬೇಕಂತ."

ದರಡ! ಗುಡ್ಡ ಜರಿಯುವುದಕ್ಕೆ ಖಾನಾಪುರ ಲೋಂಡಾದ ಮಂದಿ ಮರಾಠಿಯಿಂದ ತಂದುಕೊಂಡ ಮಾತು. ನನ್ನ ಪುಸ್ತಕದಲ್ಲಿ ಅದು ಭೂಕುಸಿತ. ಗಂಗತ್ತೆಯ ಕಿವಿಯಲ್ಲಿ ದರ್ದ್. ಮೊದಲು ಅಪ್ಪ ನಕ್ಕರು, ಆಮೇಲೆ ನಾನು. ಥರ್ಮಾಸಿನ ಕಥೆ ಹೇಳಿದ ಮೇಲೆ ಬೀಗತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಗತ್ತೆ ಮಾತ್ರ, "ಬಿಡಿಸಿ ಹೇಳಬೇಕಿಲ್ಲೋ ಅಂವಾ" ಎಂದು ಸಿಡುಕಿದಳು.

"ಹುಡುಗ ಬರಾಕ ಆಗದಿದ್ರ ಹುಡುಗ ಇದ್ದಲ್ಲಿಗೇ ಹೋಗೂಣು," ಎಂದರು ಅಪ್ಪ. ಹೋಳಿಗೆ ಡಬ್ಬಿ, ಥರ್ಮಾಸ್, ಎರಡೂ ಮನೆಯ ಹಿರಿಯರು ಎಲ್ಲ ಸೇರಿ ಮಧ್ಯಾಹ್ನದ ಗಾಡಿಗೆ ಲೋಂಡಾಕ್ಕೆ ಹೋದೆವು.

ಪ್ಲಾಟ್‌ಫಾರ್ಮಿನ ತುಂಬ ಮಂದಿ. ಗೋವಾಕ್ಕೆ ಹೊರಟು ಘಾಟಿನಲ್ಲಿ ನಿಂತ ಗಾಡಿಯನ್ನು ಹಿಂದಕ್ಕೆ ತಂದಿದ್ದರು. ಅದರ ಜೊತೆ ಬಂದ ಬಸವರಾಜ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಮತ್ತೆ ಘಾಟಿಗೆ ಹೋಗಲು ಕಾಯುತ್ತ ಬೆಂಚಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ.

"ಒಂದು ಝರಿ ಐತ್ರಿ ಅಲ್ಲಿ. ಎಂಥಾ ಮಳಿ ಇದ್ರೂ ತಿಳಿ ನೀರು ಬರತೈತಿ. ಮುಂಜಾನೆ ನೋಡಿದ್ರ ಕೆಂಪಗ ಇತ್ತು. ಗುಡ್ಡ ಒಳಗಿಂದ ಹರ್ಯಾಕತ್ತೈತಿ ಅಂತ ಓಡಿ ಹೋಗಿ ಬಾವುಟ ತೋರಿಸಿದೆ. ಗಾಡಿ ನಿಂತು ಹತ್ತು ಮಿನಿಟಿಗೆ ಗುಡ್ಡ ಬಂತು."

ಗುಡ್ಡ ಹೇಳುವುದೆಂದರೆ ಇದು. ನಾನು ಸುತ್ತ ನೋಡಿದೆ. ಬಿಸ್ಕೀಟಿಗೆ ಅಳುವ ಕೂಸು, ಇಸ್ಪೀಟು ಹರಡಿಕೊಂಡ ಗಂಡಸರು, ಗಾಡಿ ತಡವಾಯಿತೆಂದು ಬಯ್ಯುವ ಮುದುಕಿ. ಎಲ್ಲರೂ ಇದ್ದರು. ನಾನು ಕ್ಲಾಸಿನಲ್ಲಿ "ಅಪಾರ ಪ್ರಾಣಹಾನಿ" ಎಂದು ಬರೆಸಿ, ಅಡಿಗೆರೆ ಎಳೆಸಿ, ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಆ ಎರಡು ಪದದೊಳಗೆ ಇಂಥ ಮುದುಕಿ, ಇಂಥ ಕೂಸು ಇರುತ್ತದೆಂದು ಒಮ್ಮೆಯೂ ಹೇಳಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು, ಕಣ್ಣು ತುಂಬುವಷ್ಟು.

ನಿಶ್ಚಯ ಆ ಬೆಂಚಿನ ಮೇಲೇ ನಡೆಯಿತು. ಹೋಳಿಗೆ ಚೂರುಚೂರಾಗಿ ಇಡೀ ರೈಲಿಗೆ ಹಂಚಿಹೋಯಿತು. ಬಯ್ಯುತ್ತಿದ್ದ ಮುದುಕಿಯೇ ಮುಂದೆ ಬಂದು ನಮ್ಮಿಬ್ಬರ ತಲೆ ಮುಟ್ಟಿದಳು. ಗಂಗತ್ತೆ ತಂದದ್ದನ್ನು ಹೊತ್ತುಕೊಂಡು ಹೋಗಲು ಒಪ್ಪಲಿಲ್ಲ. ಕಲ್ಲಿಲ್ಲದ ಹುಡುಗ ಥರ್ಮಾಸಿನ ಕಟ್ಟನ್ನೆಲ್ಲ ಗಟಗಟ ಕುಡಿದು, ಇನ್ನೂ ಇದೆಯಾ ಎಂದು ಕೇಳಿದ. ಸಂಜೆ ವಿಷಯ ತಿಳಿದ ಕಾಕಾ, "ಹುಡುಗನ ಕಣ್ಣು ಚುರುಕ ಅದಾವು ಬಿಡ್ರಿ," ಎಂದರು.

ಈಗ ಕುಕ್ಕರು ಇಳಿಸಿದ್ದೇನೆ. ಹೊರಗೆ ಮಳೆ ಜೋರಾಗಿದೆ. ಟಿವಿಯಲ್ಲಿ ಯಾವುದೋ ದೂರದ ದೇಶದ ಗುಡ್ಡ ಕುಸಿದ ಚಿತ್ರ; ಮಣ್ಣಿನ ಅಂಚಿನಲ್ಲಿ ಒಬ್ಬ ಹೆಂಗಸು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಾಳೆ. ಅವಳ ಭಾಷೆ ನನಗೆ ಬಾರದು. ಕಾಯುವುದು ಗೊತ್ತು. ನಗು ನಿಂತುಹೋಯಿತು. ಅಷ್ಟರಲ್ಲಿ ನಮ್ಮ ಫೋನು ರಿಂಗಾಯಿತು, ಘಾಟಿನಿಂದ ಬಸವರಾಜ. ಗಂಗತ್ತೆಯೇ ಎತ್ತಿದಳು.

"ದರಡೋ ದರ್ದೋ? ಬಿಡಿಸಿ ಹೇಳಪ್ಪಾ."

"ಎರಡೂ ಇಲ್ರಿ ಅತ್ತಿ. ನೀರು ತಿಳಿ ಐತಿ. ಮನಿಗೆ ಬರಾಕತ್ತೇನಿ."

ನಾನು ಹುರುಳಿ ಕಟ್ಟಿಗೆ ಒಗ್ಗರಣೆ ಹಾಕಿದೆ.