ಬಿಸಿಲಲ್ಲಿ ಬಂದ ಹೊಳೆ

ಆಕಾಶ ನೋಡಿ ಮಳೆ ಹೇಳುವುದರಲ್ಲಿ ಸಾತನೂರಿನ ನಮ್ಮ ಮಾವನನ್ನು ಮೀರಿಸುವವರಿಲ್ಲ. ಅಂಗೈಯನ್ನು ಹುಬ್ಬಿನ ಮೇಲಿಟ್ಟು, ಕತ್ತು ಓರೆ ಮಾಡಿ, ‘ಇವತ್ತಿಲ್ಲ ಕಣ್ಲಾ’ ಎಂದರೆ ಇಲ್ಲವೇ ಇಲ್ಲ. ಆ ಭಂಗಿಯನ್ನು ಅಣಕಿಸಿಯೇ ನಾನು ಮದುವೆಮನೆಗಳಲ್ಲಿ ಹೋಳಿಗೆ ಹೆಚ್ಚಿಗೆ ಗಿಟ್ಟಿಸಿದ್ದೇನೆ. ಓದು ಹತ್ತದ ತಲೆಗೆ ದೇವರು ಯಾರ ದನಿಯನ್ನೂ ಅಣಕಿಸಬಲ್ಲ ಗಂಟಲನ್ನಾದರೂ ಕೊಟ್ಟ. ಆದರೆ ಇಷ್ಟೆಲ್ಲ ಬಲ್ಲ ಮಾವ, ಬೈಕಿನಲ್ಲಿ ಹೋದರೆ ಊಟದ ಬುತ್ತಿ ಆರುವುದರೊಳಗೆ ಸಿಗುವ ಮೇಕೆದಾಟನ್ನೇ ನೋಡಿರಲಿಲ್ಲ. ಮಳೆ ನಂಬಿ ರಾಗಿ ಬೆಳೆಯುವವರಿಗೆ ಹೊಳೆಯ ಹಂಗೇನು?

ಹೋದ ಮಳೆಗಾಲದ ಒಂದು ಭಾನುವಾರ ಅವರನ್ನು ಬೈಕಿಗೆ ಹತ್ತಿಸಿಕೊಂಡು ಹೊರಟೆ. ಅತ್ತೆ ಮುದ್ದೆ, ಕೋಳಿಸಾರು ಕಟ್ಟಿಕೊಟ್ಟು, ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕೆಂದು ತಾಕೀತು ಮಾಡಿದರು.

ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಅಲ್ಲಿ ಹರಗೋಲು ಹತ್ತಿ ಹೊಳೆ ದಾಟಿದರೆ ಮಾತ್ರ ಮೇಕೆದಾಟಿನ ದಾರಿ. ಅವತ್ತು ಹರಗೋಲುಗಳನ್ನೆಲ್ಲ ದಡಕ್ಕೆಳೆದು ಮಗುಚಿ ಹಾಕಿದ್ದರು. ಕೊರಳಲ್ಲಿ ಸೀಟಿ, ಹೆಗಲ ಮೇಲೆ ಹಗ್ಗದ ಸಿಂಬಿ ಹೊತ್ತ ಅರಣ್ಯದ ಗಾರ್ಡ್ ನಮ್ಮನ್ನು ತಡೆದರು.

‘ಇವತ್ತು ದಾಟಂಗಿಲ್ಲ. ಮೇಲೆ ಡ್ಯಾಮಿಂದ ನೀರು ಬುಟ್ಟವ್ರೆ. ನೀರಿಗೆ ಇಳೀಲೇಬ್ಯಾಡಿ.’

ಮಾವ ಹೊಳೆ ನೋಡಲಿಲ್ಲ, ಆಕಾಶ ನೋಡಿದರು. ‘ಒಸಿ ಮೋಡನೂ ಇಲ್ವಲ್ಲ ಸ್ವಾಮಿ. ನೀರು ಎಲ್ಲಿಂದ ಬತ್ತದೆ?’

‘ಮೋಡ ಕೊಡಗಲ್ಲೈತೆ ಯಜಮಾನ್ರೆ.’

‘ಕೊಡಗಿನ ಮಳೆಗೆ ನಾವು ಕನಕಪುರ್ದಲ್ಲಿ ನೆನೆಯಾದಾ?’

ಗಾರ್ಡ್ ಇನ್ನೊಂದು ಗುಂಪಿನ ಕಡೆ ತಿರುಗಿದ್ದೇ ತಡ, ಮಾವ ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದದ ನೀರು ದಾಟಿ, ಜಗಲಿಯಷ್ಟು ಅಗಲದ ಬಂಡೆಯೊಂದನ್ನು ಹತ್ತಿ ಕೂತರು. ಬುತ್ತಿ ಹಿಡಿದು ನಾನೂ ಹಿಂದೆಯೇ ಹೋದೆ. ನಮ್ಮ ವಂಶದಲ್ಲಿ ಬುದ್ಧಿಯನ್ನು ಸಮವಾಗಿ ಹಂಚಿದ್ದಾರೆ. ಉಂಡ ಮೇಲೆ ಅವರು ಟವಲು ಮುಖಕ್ಕೆ ಹೊದ್ದು ಮಲಗಿದರು. ಬೈಕಿನಲ್ಲಿ ಬಿಟ್ಟಿದ್ದ ನೀರಿನ ಬಾಟಲಿ ತರಲು ನಾನು ದಡಕ್ಕೆ ಬಂದೆ.

ಬಾಟಲಿ ತೆಗೆದುಕೊಂಡು ತಿರುಗಿದರೆ, ಅಲ್ಲಿದ್ದ ಹೊಳೆ ಅಲ್ಲಿರಲಿಲ್ಲ. ತಳದ ಮರಳು ತೋರಿಸುತ್ತಿದ್ದ ತಿಳಿನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಬ್ಬರವಿಲ್ಲ, ಅಲೆಯಿಲ್ಲ, ನೆಲವೇ ಉಸಿರೆಳೆದು ಎದೆ ಉಬ್ಬಿಸಿದಂತೆ ಇಡೀ ಹೊಳೆ ಮೇಲೇಳುತ್ತಿತ್ತು. ದೂರದ ಬಂಡೆಗಳು ಒಂದೊಂದಾಗಿ ಚಿಕ್ಕವಾಗಿ, ಬೋರಲು ಹಾಕಿದ ತಟ್ಟೆಯಷ್ಟಾಗಿ, ಆಮೇಲೆ ಬರಿಯ ಸುಳಿಯಾದವು. ಬೇರು ಸಮೇತ ಒಂದು ಮರ, ಯಾರದೋ ಮೆರವಣಿಗೆಯಂತೆ, ನಿಧಾನವಾಗಿ ಹಾದುಹೋಯಿತು. ಮೇಲೆ ಮಾತ್ರ ಅದೇ ನೀಲಿ ಆಕಾಶ, ಅದೇ ಬಿಸಿಲು.

ಸೀಟಿ ಕೂಗಿತು. ಜನ ದಡಕ್ಕೆ ಓಡಿ ಬಂದರು. ಮಾವ ಅಲುಗಲಿಲ್ಲ.

‘ಮಾವಾ! ನೀರು ಬತ್ತಾ ಐತೆ, ಏಳು!’

ಅವರು ಟವಲಿನ ಒಂದು ತುದಿ ಎತ್ತಿ ಒಂಟಿಗಣ್ಣಲ್ಲಿ ಆಕಾಶ ನೋಡಿದರು. ‘ಸುಮ್ನೆ ಬಿದ್ದಿರ್ಲಾ. ನಿನ್ ಆಟ ನಂಗೊತ್ತಿಲ್ವಾ?’ ಮತ್ತೆ ಮುಸುಕು.

ನಾನು ನೀರಿಗೆ ಕಾಲಿಟ್ಟೆ. ಗಾರ್ಡ್ ಕಾಲರ್ ಹಿಡಿದು ಹಿಂದಕ್ಕೆಳೆದರು. ‘ಈಜು ಬತ್ತದಾ? ಇಲ್ವಾ? ಇಳುದ್ರೆ ಇಬ್ರೂ ಹೋಯ್ತೀರ!’

ಬಂಡೆಯ ಅಂಚನ್ನು ನೀರು ನೆಕ್ಕುತ್ತಿತ್ತು. ಆಗ ಯೋಚಿಸದೆಯೇ ನನ್ನ ಗಂಟಲಿಂದ ಅತ್ತೆ ಹೊರಬಂದರು.

‘ಯೋವ್! ಹಸ ಹಗ್ಗ ಕಿತ್ಕೊಂಡು ರಾಗಿ ಹೊಲಕ್ಕೆ ಬಿತ್ತು! ಇನ್ನೂ ಬಿದ್ಕಂಡಿದ್ದೀಯಾ?’

ಮಾವ ನೆಗೆದು ನಿಂತರು. ‘ಎಲ್ಲಿ? ಯಾವ್ ಹೊಲ?’ ಎನ್ನುತ್ತಲೇ ಸುತ್ತ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಗಾರ್ಡ್ ಎಸೆದ ಹಗ್ಗ ಎರಡನೇ ಸಲಕ್ಕೆ ಕೈಗೆ ಸಿಕ್ಕಿತು. ‘ಸೊಂಟಕ್ಕೆ ಸುತ್ಕೊಳ್ಳಿ ಯಜಮಾನ್ರೆ!’ ಎಂದು ಗಾರ್ಡ್ ಕೂಗಿದರು. ದಡದಲ್ಲಿದ್ದವರೆಲ್ಲ ಸೇರಿ ಜಗ್ಗಿದೆವು. ಎದೆಮಟ್ಟದ ನೀರಲ್ಲಿ ಮುಗ್ಗರಿಸುತ್ತ, ನೀರು ಕುಡಿಯುತ್ತ, ಬರಿಗಾಲಲ್ಲಿ ಮಾವ ದಡಕ್ಕೆ ಬಂದು ಬಿದ್ದರು. ಎದ್ದು ಕೂತವರೇ ನನ್ನ ಮೊಣಕೈ ಹಿಡಿದುಕೊಂಡರು. ಆಮೇಲೆ ಬಿಡಲೇ ಇಲ್ಲ.

ಇಬ್ಬರೂ ಮರದ ಬುಡದಲ್ಲಿ ಕೂತು ನೋಡಿದೆವು. ಈಗ ಹೊಳೆಗೆ ದನಿ ಬಂದಿತ್ತು. ಅದು ಕಿವಿಗೆ ಕೇಳುವುದಕ್ಕಿಂತ ಕೂತ ನೆಲದಿಂದ ಬೆನ್ನುಮೂಳೆಗೆ ಏರುತ್ತಿತ್ತು. ಕಾಣದ ಊರಿನಲ್ಲಿ, ಗೊತ್ತಿಲ್ಲದ ದಿನ ಬಿದ್ದ ಮಳೆ ನಮ್ಮ ಬಿಸಿಲಿನೊಳಗೆ ನಡೆದುಕೊಂಡು ಬಂದಿತ್ತು. ‘ಎಷ್ಟೊಂದು ಮಳೆ ಹುಯ್ದಿರಬೇಕಲ್ಲಾ ಅಲ್ಲಿ’ ಎಂದರು ಮಾವ, ದೇವರ ಮುಂದೆ ಮಾತಾಡುವಷ್ಟು ಮೆಲ್ಲಗೆ.

ಅಷ್ಟರಲ್ಲಿ ಬೆಂಗಳೂರಿನ ಕಾರೊಂದು ಬಂತು. ಇಳಿದ ಹುಡುಗರು ಗಾರ್ಡ್ ಜೊತೆ ವಾದಕ್ಕೆ ನಿಂತರು. ‘ಬಿಸಿಲು ಹೀಗೆ ಹೊಡೀತಿದೆ, ಒಂದು ಮೋಡನೂ ಇಲ್ಲ. ಸುಮ್ನೆ ಕಾಲು ನೆನೆಸ್ಕೊಂಡು ಬರ್ತೀವಿ ಸಾರ್.’

ಮಾವ ಒದ್ದೆ ಪಂಚೆಯಲ್ಲೇ ಎದ್ದು ಹೋಗಿ ಅವರೆದುರು ಕೈ ಅಗಲಿಸಿ ನಿಂತರು.

‘ಮೋಡ ನೋಡ್ಬ್ಯಾಡ್ರಪ್ಪ. ಅಲ್ಲಿ, ಆ ಬಂಡೆ ನೋಡಿ.’

‘ಯಾವ ಬಂಡೆ ಅಂಕಲ್? ಅಲ್ಲಿ ಯಾವ ಬಂಡೇನೂ ಇಲ್ವಲ್ಲ.’

‘ಅದ್ನೇ ಕಣ್ರಪ್ಪ ನಾನೂ ಹೇಳ್ತಿರಾದು.’